ಹಿಂಗಾರಿನ ತಲೆನೋವಿಗೆ ಈಗಲೇ ಎಚ್ಚರ

ಮುಂಗಾರು ಹಿಂದೆ ಸರಿಯುತ್ತಿದೆ. ಇನ್ನು ಕೆಲವೇ ವಾರಗಳಲ್ಲಿ ಬೆಂಗಳೂರಿನ ಬೆಳಗು ತಣ್ಣಗಾಗುತ್ತದೆ. ಖಾಲಿ ಸೈಟುಗಳಲ್ಲಿ ಎದೆಮಟ್ಟ ಬೆಳೆದ ಕಾಂಗ್ರೆಸ್ ಗಿಡ ಮೈತುಂಬ ಬಿಳಿ ಹೂವು ಬಿಡುತ್ತದೆ. ದಸರೆಗೆಂದು ಅಟ್ಟ ಗುಡಿಸುವಾಗ ವರ್ಷದ ಧೂಳು ಏಳುತ್ತದೆ, ದೀಪಾವಳಿಯ ಪಟಾಕಿ ಹೊಗೆ ಚಳಿಗಾಳಿಯಲ್ಲಿ ಕದಲದೆ ನಿಲ್ಲುತ್ತದೆ. ಆ ಹೊತ್ತಿಗೆ ಮನೆಮನೆಯಲ್ಲೂ ಅದೇ ದೂರು ಶುರುವಾಗುತ್ತದೆ: ಎದ್ದ ಕೂಡಲೇ ಸಾಲು ಸೀನು, ಮೂಗು ಕಟ್ಟು, ಹುಬ್ಬಿನ ನಡುವೆ ಒತ್ತಿ ಹಿಡಿದಂಥ ನೋವು, ಬಗ್ಗಿದರೆ ತಲೆ ಭಾರ. ಸಂಕ್ರಾಂತಿ ಕಳೆದ ಮೇಲೆ ಮರಗಳ ಪರಾಗದ ಸರದಿ. ಕೆಲವರಿಗೆ ಯುಗಾದಿವರೆಗೂ ಬಿಡುವಿಲ್ಲ.

ಇದನ್ನು ಈಗಲೇ ಬರೆಯುವುದಕ್ಕೆ ಕಾರಣವಿದೆ. ಈ ತಲೆನೋವನ್ನು ತಡೆಯಲು ಮಾಡಬೇಕಾದ ಕೆಲಸ ಹೆಚ್ಚಿನದೆಲ್ಲ ಸೀನು ಶುರುವಾಗುವ ಮೊದಲೇ ಆಗಬೇಕು. ಶುರುವಾದ ಮೇಲೆ ನಮ್ಮಲ್ಲಿ ಬಹಳ ಜನ ಮಾಡುವುದು ಒಂದೇ ಕೆಲಸ, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುವುದು. ಅದು ತಿಂಗಳುಗಟ್ಟಲೆ ನಡೆದರೆ ಆ ಮಾತ್ರೆಯೇ ಇನ್ನೊಂದು ತಲೆನೋವನ್ನು ಹುಟ್ಟಿಸುತ್ತದೆ. ಈ ಋತುವಿನಲ್ಲಿ ನಮಗೆ ಪರಾಗಕ್ಕಿಂತ ಹೆಚ್ಚು ಆತಂಕ ಹುಟ್ಟಿಸಿರುವುದು ಈ ಅಭ್ಯಾಸ.

ಸಂಜೆ ಹೊತ್ತು ಯಾವ ಬಡಾವಣೆಯ ಮೆಡಿಕಲ್ ಶಾಪಿನ ಮುಂದೆ ನಿಂತರೂ ಇದನ್ನು ನೋಡಬಹುದು. ‘ಸೈನಸ್ ತಲೆನೋವು, ಏನಾದ್ರೂ ಕೊಡಿ’ ಎಂದು ಒಬ್ಬರು ಕೇಳುತ್ತಾರೆ. ಅಂಗಡಿಯವರು ಕತ್ತರಿ ತೆಗೆದು ಹತ್ತು ಮಾತ್ರೆಯ ಪಟ್ಟಿಯಿಂದ ಎರಡನ್ನು ಕತ್ತರಿಸಿ, ಸಣ್ಣ ಕಾಗದದ ಕವರಿಗೆ ಹಾಕಿ ಕೊಡುತ್ತಾರೆ. ಔಷಧದ ಹೆಸರು, ಅದರೊಳಗೆ ಏನೇನಿದೆ ಎಂಬ ವಿವರವೆಲ್ಲ ಉಳಿದ ಎಂಟು ಮಾತ್ರೆಯ ಹಿಂಬದಿಯಲ್ಲಿ ಅಂಗಡಿಯಲ್ಲೇ ಉಳಿಯುತ್ತದೆ. ಹೀಗೆ ಸಿಗುವ ಶೀತದ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್ ಇರುತ್ತವೆ. ಕೆಲವದರಲ್ಲಿ ಕೆಫೀನೂ ಸೇರಿರುತ್ತದೆ. ಅದೇ ದಿನ ಮೈಕೈ ನೋವಿಗೆಂದು ಬೇರೆ ಮಾತ್ರೆ ತೆಗೆದುಕೊಂಡವರ ಹೊಟ್ಟೆಗೆ ಪ್ಯಾರಾಸಿಟಮಾಲ್ ಎರಡು ದಾರಿಯಿಂದ ಸೇರಬಹುದು. ಅದು ಅತಿಯಾದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಕ್ಲೋರ್‌ಫೆನಿರಮಿನ್ ತೂಕಡಿಕೆ ತರುತ್ತದೆ. ಅದನ್ನು ನುಂಗಿ ಸ್ಕೂಟರ್ ಹತ್ತುವವರು ನೂರಾರು ಜನ. ಇನ್ನು ಬಾಯಿಯ ಮೂಲಕ ನುಂಗಿದ ಫಿನೈಲೆಫ್ರಿನ್‌ನಿಂದ ಮೂಗಿನ ಕಟ್ಟು ಬಿಡುವುದಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲೇ ಹೇಳಿದೆ.

ತಲೆನೋವಿನ ಅಂತಾರಾಷ್ಟ್ರೀಯ ವರ್ಗೀಕರಣ ಈ ವಿಷಯದಲ್ಲಿ ಸ್ಪಷ್ಟ ಗಡಿ ಹಾಕಿಕೊಟ್ಟಿದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಒಂಟಿ ನೋವುಮಾತ್ರೆಯನ್ನು ತಿಂಗಳಿಗೆ 15 ದಿನ, ಹಲವು ಔಷಧ ಬೆರೆತ ನೋವುಮಾತ್ರೆಯನ್ನು ತಿಂಗಳಿಗೆ 10 ದಿನ, ಹೀಗೆ ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ, ಮೊದಲೇ ತಲೆನೋವಿನ ಪ್ರವೃತ್ತಿ ಇದ್ದವರಿಗೆ ಮಾತ್ರೆಯಿಂದಲೇ ತಲೆನೋವು ಬೇರೂರಬಹುದು. ಆಗ ತಿಂಗಳ ಅರ್ಧದಷ್ಟು ದಿನ ತಲೆ ಸಿಡಿಯುತ್ತಲೇ ಇರುತ್ತದೆ. ಮಾತ್ರೆ ನುಂಗಿದರೆ ತುಸು ಹೊತ್ತು ತಗ್ಗುತ್ತದೆ, ಅದರ ಪ್ರಭಾವ ಇಳಿದೊಡನೆ ಮತ್ತೆ ಏರುತ್ತದೆ. ದಸರೆಯಿಂದ ಸಂಕ್ರಾಂತಿವರೆಗೆ ಲೆಕ್ಕ ಹಾಕಿ. ಹೆಚ್ಚುಕಡಿಮೆ ಮೂರು ತಿಂಗಳಾಗುತ್ತದೆ. ವಾರಕ್ಕೆ ಮೂರು ದಿನ ಮಾತ್ರೆ ‘ಅಷ್ಟೇನಲ್ಲ’ ಎನಿಸುತ್ತದೆ, ಆದರೆ ತಿಂಗಳಿಗೆ ಹನ್ನೆರಡು ದಿನವಾಯಿತು, ಔಷಧ ಬೆರೆತ ಮಾತ್ರೆಯ ಗಡಿ ದಾಟಿಯಾಯಿತು.

ಎರಡನೆಯ ತೊಡಕು ಇದಕ್ಕಿಂತ ಹಳೆಯದು. ಹಣೆ, ಕೆನ್ನೆ, ಕಣ್ಣಿನ ಸುತ್ತ ನೋಯುವುದನ್ನೆಲ್ಲ ‘ನನಗೆ ಸೈನಸ್ ಇದೆ’ ಎಂದು ತೀರ್ಮಾನಿಸಿಬಿಡುತ್ತೇವೆ. ಸೈನಸ್‌ನಿಂದ ತಲೆನೋವು ಎಂದು ತಾವೇ ಹೇಳಿಕೊಂಡ ಅಥವಾ ವೈದ್ಯರು ಹಾಗೆ ಹೇಳಿದ್ದ 2,991 ಜನರನ್ನು ಅಮೆರಿಕದಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 88 ಮಂದಿಯ ನೋವು ಮೈಗ್ರೇನ್ ಬಗೆಯದಾಗಿತ್ತು. ಮುಖದ, ಮೂಗಿನ, ಸೈನಸ್‌ಗಳ, ಮಿದುಳಿನ ಹೊದಿಕೆಯ ಸಂವೇದನೆಯನ್ನೆಲ್ಲ ಹೊರುವುದು ಒಂದೇ ನರ, ಟ್ರೈಜೆಮಿನಲ್ ನರ. ಮೈಗ್ರೇನ್ ಬಂದಾಗ ಈ ನರ ಕೆರಳಿ, ಅದರ ಪ್ರತಿಕ್ರಿಯೆಯಾಗಿ ಮೂಗಿನ ಒಳಪೊರೆ ಊದಿಕೊಳ್ಳುತ್ತದೆ, ಮೂಗು ಸೋರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಸೋರುವ ಮೂಗನ್ನು ಕಂಡು ಎಲ್ಲರೂ ಸೈನಸ್ ಅನ್ನುತ್ತಾರೆ. ತಿರುಗುಮುರುಗಾಗಿಯೂ ಇದು ನಡೆಯುತ್ತದೆ. ಅಲರ್ಜಿಯಿಂದ ಮೂಗು ಕಟ್ಟಿ, ರಾತ್ರಿ ಬಾಯಿಂದ ಉಸಿರಾಡಿ, ನಿದ್ದೆ ಕೆಟ್ಟು, ಮರುದಿನ ಮೈಗ್ರೇನ್ ಎದ್ದು ಕೂರುತ್ತದೆ. ಮೈಗ್ರೇನ್ ಇರುವವರಿಗೆ ಪರಾಗದ ತಿಂಗಳುಗಳು ಕಷ್ಟವಾಗುವುದು ಇದಕ್ಕೇ.

ನಮ್ಮ ರಾಜ್ಯದಲ್ಲಿ ಇದು ಎಷ್ಟು ಜನರ ಸಂಕಟ ಎಂಬುದಕ್ಕೆ ಅಂದಾಜಿದೆ. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ 18ರಿಂದ 65 ವಯಸ್ಸಿನ 2,329 ಜನರನ್ನು ನಿಮ್ಹಾನ್ಸ್‌ನ ಸಂಶೋಧಕರಿದ್ದ ತಂಡ 2009–10ರಲ್ಲಿ ಮನೆಮನೆಗೆ ಹೋಗಿ ಮಾತಾಡಿಸಿತ್ತು. ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಕಾಡಿದವರು ಶೇ 25.2, ನಾಲ್ವರಲ್ಲಿ ಒಬ್ಬರು. ಹೆಂಗಸರ ಪಾಲು ಹೆಚ್ಚು. ಅಡುಗೆಮನೆಯ ಒಗ್ಗರಣೆ ಘಾಟು, ಗುಡಿಸುವ ಧೂಳು, ನಸುಕಿನ ಚಳಿ ಎಲ್ಲವೂ ಮೊದಲು ತಟ್ಟುವುದು ಅವರಿಗೇ. ಎಲ್ಲರಿಗಿಂತ ಕೊನೆಗೆ ಡಾಕ್ಟರ ಬಳಿ ಹೋಗುವವರೂ ಅವರೇ. ಹಣೆಗೆ ಬಾಮ್ ಹಚ್ಚಿ, ಸೀರೆಯ ಸೆರಗನ್ನು ತಲೆಗೆ ಬಿಗಿಯಾಗಿ ಕಟ್ಟಿಕೊಂಡು ಕೆಲಸ ಮುಂದುವರಿಸುವ ತಾಯಂದಿರು ನಮ್ಮೆಲ್ಲರ ಮನೆಯಲ್ಲಿದ್ದಾರೆ. ಈ ಸಲವಾದರೂ ಮನೆಯವರು ಅವರನ್ನು ಕೂರಿಸಿ ಮೂರು ಪ್ರಶ್ನೆ ಕೇಳಲಿ. ತಲೆನೋವು ಬಂದಾಗ ವಾಕರಿಕೆ ಬರುತ್ತದೆಯೇ? ಬೆಳಕು ಸಹಿಸಲಾಗುವುದಿಲ್ಲವೇ? ಕಳೆದ ಮೂರು ತಿಂಗಳಲ್ಲಿ ಒಂದು ದಿನವಾದರೂ ಇದರಿಂದ ಕೆಲಸ ನಿಂತಿದೆಯೇ? ಎರಡಕ್ಕೆ ಹೌದು ಎಂದರೆ ಮೈಗ್ರೇನ್ ಸಾಧ್ಯತೆ ಬಲವಾಗಿದೆ. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಮೂಗಿನಿಂದ ಗಟ್ಟಿ ಹಳದಿ-ಹಸಿರು ಕೀವು, ಜ್ವರ, ವಾಸನೆ ತಿಳಿಯದಿರುವುದು, ಹತ್ತು ದಿನ ಕಳೆದರೂ ಇಳಿಯದಿರುವುದು ಅಥವಾ ಇಳಿದಂತಾಗಿ ಮತ್ತೆ ಹೆಚ್ಚುವುದು—ಇವು ನಿಜವಾದ ಸೈನಸ್ ಸೋಂಕಿನ ಲಕ್ಷಣಗಳು. ತಿಳಿನೀರಿನಂತೆ ಸೋರುವ ಮೂಗು, ತುರಿಸುವ ಕಣ್ಣು, ಜ್ವರವಿಲ್ಲದ ಸಾಲು ಸೀನು ಅಲರ್ಜಿಯವು. ಅದಕ್ಕೆ ಆ್ಯಂಟಿಬಯೋಟಿಕ್ ಕೇಳಿ ಪಡೆಯುವುದರಿಂದ ಯಾವ ಲಾಭವೂ ಇಲ್ಲ.

ಹಾಗಾದರೆ ಈಗ ಮಾಡಬೇಕಾದ್ದೇನು? ಪ್ರತಿವರ್ಷ ಇದೇ ತಿಂಗಳುಗಳಲ್ಲಿ ಮೂಗು ಕಟ್ಟುವವರು ಈ ವಾರವೇ ವೈದ್ಯರನ್ನು ಕಂಡು ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ ಬಗ್ಗೆ ಕೇಳಬೇಕು. ಫ್ಲೂಟಿಕಾಸೋನ್, ಮೊಮೆಟಾಸೋನ್ ಇಂಥವು. ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ ಬಿಡುವವರು ಬಹಳ. ಇದರಲ್ಲಿರುವುದು ಮೂಗಿನ ಒಳಪೊರೆಗಷ್ಟೇ ತಲುಪಬೇಕಾದ ಅತಿ ಸಣ್ಣ ಪ್ರಮಾಣ. ಆದರೆ ಇದು ಹಾಕಿದ ದಿನವೇ ಪೂರ್ತಿ ಕೆಲಸ ಮಾಡುವ ಔಷಧವಲ್ಲ. ಪೂರ್ಣ ಪರಿಣಾಮಕ್ಕೆ ಒಂದೆರಡು ವಾರ ಹಿಡಿಯಬಹುದು, ಆದ್ದರಿಂದಲೇ ಮುಂಚೆ ಶುರುಮಾಡಬೇಕು, ದಿನ ತಪ್ಪಿಸಬಾರದು. ಹಾಕುವ ಕ್ರಮದಲ್ಲೂ ತಪ್ಪಾಗುತ್ತದೆ. ತಲೆಯನ್ನು ಹಿಂದಕ್ಕೆ ಎತ್ತದೆ ತುಸು ಮುಂದೆ ಬಾಗಿಸಬೇಕು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಾಕಿದರೆ ಔಷಧ ನಡುಗೋಡೆಗೆ ಬಡಿಯದೆ ಹೊರಗೋಡೆಯ ಕಡೆಗೆ ಹೋಗುತ್ತದೆ. ಮೂಗಿನಲ್ಲಿ ರಕ್ತ ಕಾಣುವುದು ಕಡಿಮೆಯಾಗುತ್ತದೆ. ಜೋರಾಗಿ ಎಳೆದುಕೊಂಡರೆ ಔಷಧ ಗಂಟಲಿಗೆ ಇಳಿದುಹೋಗುತ್ತದೆ, ಮೆಲ್ಲಗೆ ಉಸಿರೆಳೆದರೆ ಸಾಕು.

ಕಟ್ಟಿದ ಮೂಗನ್ನು ಕ್ಷಣದಲ್ಲಿ ಬಿಡಿಸುವ ಕ್ಸೈಲೊಮೆಟಾಜೊಲಿನ್, ಆಕ್ಸಿಮೆಟಾಜೊಲಿನ್ ಹನಿಗಳದ್ದು ಬೇರೆ ಕಥೆ. ಅವನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಅವಕ್ಕೇ ಒಗ್ಗಿ, ಬಿಟ್ಟೊಡನೆ ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಅಲರ್ಜಿ ಮಾತ್ರೆ ಬೇಕಾದವರಿಗೆ ತೂಕಡಿಕೆ ಕಡಿಮೆ ಇರುವ ಫೆಕ್ಸೊಫೆನಡಿನ್, ಲೊರಾಟಡಿನ್ ಇವೆ. ಮಾಂಟೆಲುಕಾಸ್ಟ್ ಬೆರೆತ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಮಕ್ಕಳಿಗೆ ಕೊಡುವ ರೂಢಿ ನಿಲ್ಲಬೇಕು. ಅದರಿಂದ ಕೆಲವರಲ್ಲಿ ಕೆಟ್ಟ ಕನಸು, ಸಿಡುಕು, ಖಿನ್ನತೆ ಕಾಣಿಸಬಹುದೆಂದು ಅಮೆರಿಕದ ನಿಯಂತ್ರಣ ಸಂಸ್ಥೆ 2020ರಲ್ಲಿ ಅತಿ ಗಂಭೀರ ಎಚ್ಚರಿಕೆಯನ್ನು ಆ ಔಷಧದ ಮೇಲೆ ಹಾಕಿಸಿದೆ.

ಉಪ್ಪುನೀರಿನಿಂದ ಮೂಗು ತೊಳೆಯುವುದು ಒಳ್ಳೆಯದು. ಜಲನೇತಿ ನಮ್ಮಲ್ಲಿ ಹೊಸದೇನಲ್ಲ. ನೀರನ್ನು ಮಾತ್ರ ಕುದಿಸಿ ಆರಿಸಿಯೇ ಬಳಸಬೇಕು. ನಲ್ಲಿ, ಬೋರ್‌ವೆಲ್, ಸಂಪಿನ ನೀರು ಹಾಗೇ ಸಲ್ಲದು. ಮೂಗಿನ ಮೂಲಕ ಮಿದುಳಿಗೆ ಏರುವ ಅಮೀಬಾ ಸೋಂಕು ನೆರೆಯ ಕೇರಳದಲ್ಲಿ 2024, 2025ರಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿದೆ. ಕುದಿಯುವ ಪಾತ್ರೆಯ ಮುಂದೆ ಮಕ್ಕಳನ್ನು ಕಂಬಳಿ ಹೊದಿಸಿ ಹಬೆಗೆ ಕೂರಿಸುವುದೂ ಬೇಡ. ಪಾತ್ರೆ ಮಗುಚಿದರೆ ಆಗುವ ಸುಟ್ಟಗಾಯ ಶೀತಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು.

ಇದರ ಜೊತೆಗೆ ನಾವು ಒತ್ತಿ ಹೇಳುವುದು ಲೆಕ್ಕ ಇಡುವುದನ್ನು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲೇ ತಲೆನೋವು ಬಂದ ದಿನಕ್ಕೊಂದು ಗೆರೆ, ಮಾತ್ರೆ ನುಂಗಿದ ದಿನಕ್ಕೊಂದು ಸುತ್ತು ಹಾಕಿ. ಒಂದೇ ತಿಂಗಳಲ್ಲಿ ಸುತ್ತು ಎಂಟಕ್ಕೆ ಬಂದಾಗಲೇ ವೈದ್ಯರ ಬಳಿ ಹೋಗಿ, ಕ್ಯಾಲೆಂಡರಿನ ಫೋಟೊ ತೋರಿಸಿ. ಮಾತ್ರೆ ಕೊಳ್ಳುವಾಗ ಹೆಸರು ಇರುವ ಭಾಗವನ್ನೇ ಕೇಳಿ ಪಡೆಯಿರಿ.

ಕೆಲವು ನೋವಿಗೆ ಕ್ಯಾಲೆಂಡರ್ ಕಾಯಬಾರದು. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ಭಾರಿ ನೋವು, ಜ್ವರದೊಡನೆ ಕುತ್ತಿಗೆ ಬಿಗಿತ, ಮಾತು ತೊದಲುವುದು, ಒಂದು ಕೈಕಾಲು ಸೋಲುವುದು, ಎರಡೆರಡಾಗಿ ಕಾಣುವುದು, ಕಣ್ಣಿನ ಸುತ್ತ ಊತ, ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವು, ಗರ್ಭಿಣಿಯರ ಹೊಸ ತಲೆನೋವು ಇವಕ್ಕೆ ಅಲರ್ಜಿ ಎಂಬ ಸಮಾಧಾನ ಹೇಳಿಕೊಳ್ಳದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಮುಖ ಒಂದು ಬದಿ ನೋಯುತ್ತಾ ಮೂಗಿನಿಂದ ಕಪ್ಪು ಸ್ರಾವ ಬಂದರೆ ಗಂಟೆಗಳೂ ಮುಖ್ಯ. 2021ರಲ್ಲಿ ಕಪ್ಪು ಶಿಲೀಂಧ್ರ ಏನು ಮಾಡಿತೆಂದು ಈ ರಾಜ್ಯ ಕಂಡಿದೆ.

ಇಷ್ಟನ್ನೂ ಜನರೇ ಮಾಡಿಕೊಂಡರೂ ಆಡಳಿತದ ಪಾಲು ಉಳಿಯುತ್ತದೆ. ಕಾಂಗ್ರೆಸ್ ಗಿಡ ಎಂದು ನಾವು ಕರೆಯುವ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ ಕಳೆ. ಅದರ ಪರಾಗ ಮೂಗಿನ ಅಲರ್ಜಿ ತರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಶಕಗಳ ಹಿಂದೆಯೇ ಅಧ್ಯಯನ ಮಾಡಿದ್ದಾರೆ. ಅದನ್ನು ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು 1984ರಲ್ಲಿ ಬಿಟ್ಟದ್ದೂ ಈ ಊರಿನಲ್ಲೇ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಸ್. ಎನ್. ಅಗಾಶೆ ಈ ನಗರದ ಗಾಳಿಯಲ್ಲಿನ ಪರಾಗವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಇಷ್ಟು ತಿಳಿವಳಿಕೆ ಕೈಯಲ್ಲಿದ್ದೂ ಇಂದು ನಮ್ಮ ಫೋನಿನಲ್ಲಿ ಕಾಣುವ ಗಾಳಿಯ ಗುಣಮಟ್ಟದ ಸೂಚ್ಯಂಕದಲ್ಲಿ ಪರಾಗದ ಅಳತೆಯೇ ಇಲ್ಲ. ಹೊಗೆ, ಧೂಳಿನ ಕಣಗಳನ್ನು, ಕೆಲವು ಅನಿಲಗಳನ್ನು ಅದು ಹೇಳುತ್ತದೆ, ಅಷ್ಟೆ. ಬಣ್ಣದ ಹೂವಿನ ಟಬೆಬುಯಾ ಮರವನ್ನು ಜನ ಸುಮ್ಮನೆ ದೂರುತ್ತಾರೆ. ಅದರ ಪರಾಗ ದುಂಬಿಗಳ ಮೈಗಂಟಿ ಸಾಗುವಂಥದ್ದು. ಗಾಳಿಮರ, ಹುಲ್ಲು, ಹರಳು ಗಿಡದಂಥ, ಹೂವು ಎದ್ದುಕಾಣದ ಸಸ್ಯಗಳ ಪರಾಗ ಗಾಳಿಯಲ್ಲಿ ದೂರ ಹೋಗುತ್ತದೆ ಎಂದು ಅವರಿಗೆ ತಿಳಿಸುವವರಿಲ್ಲ.

ಚಂಡೀಗಢಕ್ಕೆ ಅಲ್ಲಿನ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ 2022ರಲ್ಲಿ ಪರಾಗ ಪಂಚಾಂಗ ಸಿದ್ಧಪಡಿಸಿಕೊಟ್ಟಿತು: ಯಾವ ತಿಂಗಳಲ್ಲಿ ಯಾವ ಗಿಡದ ಪರಾಗ ಎಷ್ಟು ಎಂಬ ವಿವರ. ಅಳೆಯುವ ಯಂತ್ರ ದೊಡ್ಡದೇನಲ್ಲ. ನಿಮಿಷಕ್ಕೆ ಹತ್ತು ಲೀಟರ್ ಗಾಳಿ ಎಳೆದು, ಒಳಗೆ ಮೆಲ್ಲಗೆ ಸುತ್ತುವ ಅಂಟು ಪಟ್ಟಿಯ ಮೇಲೆ ಪರಾಗವನ್ನು ಹಿಡಿಯುತ್ತದೆ; ಸೂಕ್ಷ್ಮದರ್ಶಕದ ಕೆಳಗೆ ಎಣಿಸುವವರು ಬೇಕು. ಸಸ್ಯಶಾಸ್ತ್ರ ಓದಿದ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿಯಲ್ಲಿ ಒಂದೊಂದು ಯಂತ್ರ ಇಟ್ಟು, ಹವಾಮಾನ ವರದಿಯ ಜೊತೆ ಪರಾಗದ ಪ್ರಮಾಣವನ್ನೂ ಪ್ರಕಟಿಸುವ ಕೆಲಸವನ್ನು ಆರೋಗ್ಯ ಇಲಾಖೆ ವಹಿಸಿಕೊಳ್ಳಬೇಕು.

ಅದಕ್ಕೆ ವರ್ಷ ಹಿಡಿಯಬಹುದು. ಪಾರ್ಥೇನಿಯಂ ಕೀಳುವುದಕ್ಕೆ ಅಷ್ಟು ಕಾಲವಿಲ್ಲ. ಮೊಳೆತ ಗಿಡ ತಿಂಗಳು, ಒಂದೂವರೆ ತಿಂಗಳಲ್ಲಿ ಹೂ ಬಿಡುತ್ತದೆ, ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಖಾಲಿ ಸೈಟಿನ ಮಾಲೀಕರಿಗೆ ಈ ವಾರ ನೋಟಿಸ್ ಹೋಗಲಿ. ಶಾಲಾ ಮೈದಾನ, ರೈಲುಹಳಿಯ ಅಂಚು, ರಾಜಕಾಲುವೆ ಬದಿಯ ಗಿಡಗಳನ್ನು ಪಾಲಿಕೆಗಳು ತಾವೇ ಕೀಳಿಸಲಿ. ಹಾಗೆ ಕೀಳಿಸುವಾಗ ಪೌರಕಾರ್ಮಿಕರಿಗೆ ಕೈಗವಸು, ತುಂಬುತೋಳಿನ ಅಂಗಿ, ಮಾಸ್ಕ್ ಕೊಟ್ಟ ಮೇಲೆಯೇ ಕೆಲಸಕ್ಕೆ ಇಳಿಸಬೇಕು. ಬರಿಗೈಯಲ್ಲಿ ಈ ಗಿಡ ಮುಟ್ಟಿದವರ ಚರ್ಮ ತುರಿಸಿ ಗಾಯವಾಗುತ್ತದೆ, ನಸುಕಿನಲ್ಲಿ ರಸ್ತೆ ಗುಡಿಸುತ್ತ ಊರಿನ ಧೂಳು-ಪರಾಗವನ್ನೆಲ್ಲ ಮೊದಲು ಉಸಿರಾಡುವವರೂ ಅವರೇ. ಅವರಿಗೆ ಮೂಗು, ಶ್ವಾಸಕೋಶದ ತಪಾಸಣೆ ಶಿಬಿರವನ್ನು ದಸರೆಗೆ ಮೊದಲು ಏರ್ಪಡಿಸುವಂತೆ ಪಾಲಿಕೆಗಳ ಆಯುಕ್ತರನ್ನು ಒತ್ತಾಯಿಸುತ್ತೇವೆ.