ಹಿಂದಿನ ಸಾಲಿಗೂ ಕಿವಿ ಅದಾವ್ರಿ

ಹೋದ ಬೇಸಿಗೆಯಲ್ಲಿ ಕಾಕಾನ ಜೊತೆ ಬೀಳಗಿ ಕಡೆಯ ಒಂದು ಸಮುದಾಯ ಭವನಕ್ಕೆ ಹೋಗಿದ್ದೆ. ಆಲಮಟ್ಟಿ ನೀರಿನ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ ಏರಿದರೆ ಯಾರ ಹೊಲ ಮುಳುಗುತ್ತದೆ, ಪರಿಹಾರ ಹೇಗೆ ಎಂದು ತಿಳಿಸುವ ಸಭೆ. ವೇದಿಕೆಯ ಎರಡೂ ಬದಿಗೆ ಆಳೆತ್ತರದ ಬಾಕ್ಸ್. ಮುಂದಿನ ಸಾಲಿನ ಮುಖಂಡರು ಕಿವಿ ಮುಚ್ಚಿಕೊಂಡಿದ್ದರು. ಹಿಂದೆ ಕೂತ ನಮಗೆ ಬರೀ ಗುಂಯ್‌ಗುಟ್ಟುವ ಸದ್ದು.

"ತಮ್ಮಾ, ಒಣಭೂಮಿಗೆ ಎಷ್ಟಂದ್ರೋ?" ಕಾಕಾ ಕೇಳಿದ. ನನಗೂ ಕೇಳಿಸಿರಲಿಲ್ಲ. "ಹಿಂದ ಕೇಳವಲ್ದು!" ಅಂತ ಯಾರೋ ಕೂಗಿದರು. ಮೈಕಿನವ ಸೌಂಡ್ ಏರಿಸಿದ, ಮೈಕ್ ಚೀರಿತು. ಹಾಜರಿಗೆ ಸಹಿ ಹಾಕಿ ಮನೆಗೆ ಬಂದೆವು. ಕಾಗದದ ಮೇಲೆ ಈಗ ಕಾಕಾನಿಗೆ ಎಲ್ಲ 'ತಿಳಿಸಲಾಗಿದೆ'.

ಸೌಂಡ್ ಕಮ್ಮಿ ಆಯ್ತು ಅಂತಾರೆ. ಸುಳ್ಳು. ಸೌಂಡ್ ಬೇಕಾದಷ್ಟಿತ್ತು, ಹಂಚಿಕೆ ಇರಲಿಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗೊಮ್ಮೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಳಗೆ ಆ ಕೊರತೆಯನ್ನು ಟೈಲ್ಸು, ಬೋಳು ಗೋಡೆಗಳ ಪ್ರತಿಧ್ವನಿ ತುಂಬುತ್ತದೆ. ಆದರೆ ಮಾತಿನಿಂದಲ್ಲ, ಗದ್ದಲದಿಂದ. ವಿಜಯಪುರದ ಗೋಳಗುಮ್ಮಟದಲ್ಲಿ ಪ್ರತಿಧ್ವನಿ ಕೇಳಲು ಟಿಕೆಟ್ ತೆಗೆಸಬೇಕು, ನಮ್ಮ ಭವನಗಳಲ್ಲಿ ಬಿಟ್ಟಿ.

ಈಗ ನಿಮ್ಮ ಆಫೀಸಿನ ಮೀಟಿಂಗ್ ರೂಮಿನ ಸೀಲಿಂಗ್ ನೋಡಿ. ಹತ್ತು ಮಂದಿಗೆ ನಾಲ್ಕು ಸ್ಪೀಕರ್ ಇರಬಹುದು. ಅದೇ ಲೆಕ್ಕ ಊರಿಗೂ ನಡೆಯುತ್ತದೆ. ಸೀಲಿಂಗ್ 14 ಅಡಿ, ಕೂತವರ ಕಿವಿ 4 ಅಡಿ, ನಡುವೆ 10 ಅಡಿ. 90 ಡಿಗ್ರಿ ಹರಡುವ ಸ್ಪೀಕರ್ ಕಿವಿಯ ಮಟ್ಟದಲ್ಲಿ 20 ಅಡಿ ಅಗಲದ ವೃತ್ತ ಬಿಡಿಸುತ್ತದೆ. 20 ಅಡಿಗೊಂದು ಹಾಕಿದರೆ ವೃತ್ತಗಳ ಸಂದಿಯಲ್ಲಿ ಕೂತವರಿಗೆ ಕೇಳಿಸದು. ಸುಮಾರು 14 ಅಡಿಗೊಂದು ಹಾಕಿದರೆ ಸಂದಿ ಮುಚ್ಚುತ್ತದೆ. ಅಂದರೆ 60x40 ಅಡಿ ಹಾಲಿಗೆ 12 ಸಣ್ಣ ಸ್ಪೀಕರ್ ಸಾಕು. ಎಲ್ಲವೂ ಮೆಲ್ಲಗೆ ಮಾತಾಡಿದರೆ ಆಯ್ತು. ಮೈಕಿನ ನೆತ್ತಿಯ ಮೇಲೆ ಮಾತ್ರ ಒಂದೂ ಬೇಡ, ಚೀರುತ್ತದೆ. 100 ವೋಲ್ಟ್ ಲೈನಿನಲ್ಲಿ ಒಂದೇ ವೈರಿಗೆ ಎಲ್ಲವನ್ನೂ ಸಾಲಾಗಿ ಜೋಡಿಸಬಹುದು. ತಗಡಿನ ಎತ್ತರದ ಶೆಡ್ಡಾದರೆ ಈ ಲೆಕ್ಕ ಬೇರೆ. ಅಲ್ಲಿ ಗೋಡೆಯ ಕಂಬಗಳಿಗೆ ಹಾಕಿ.

"ರೊಕ್ಕ ಎಲ್ಲೈತ್ರಿ?" ಅಂತೀರಿ. ಜಮಖಂಡಿ ಇರಲಿ, ಮುಧೋಳ ಇರಲಿ, ಮಹಾದ್ವಾರದ ಕಮಾನಿಗೆ, ಝೂಮರಿಗೆ ಅದು ಎಲ್ಲಿಂದ ಬರುತ್ತದೋ ಅಲ್ಲಿಂದಲೇ ಬರಲಿ. ಬನಹಟ್ಟಿಯಲ್ಲಿ ಹಗಲೆಲ್ಲ ಪವರ್‌ಲೂಮಿನ ಖಟಖಟ ಉಂಡ ನೇಕಾರ, ಸಂಜೆ ಸಭೆಗೆ ಬಂದರೆ ಅವನಿಗೆ ಮತ್ತೆ ಗದ್ದಲವನ್ನೇ ಬಡಿಸಬೇಕೇ? ನಿಜ ಹೇಳಲಾ, ಕೊರತೆ ರೊಕ್ಕದ್ದಲ್ಲ. ನಮ್ಮ ಭವನಗಳನ್ನು ಭಾಷಣ ಮಾಡುವವರಿಗಾಗಿ ಕಟ್ಟುತ್ತಾರೆ, ಕೇಳುವವರಿಗಾಗಿ ಅಲ್ಲ. ಹಿಂದಿನ ಸಾಲಿನಲ್ಲಿ ಕೂರುವವರು ಹೆಣ್ಣುಮಕ್ಕಳು, ಮುದುಕರು, ಹೊಲ ಕಳೆದುಕೊಳ್ಳುವವರು. ಅವರಿಗೆ ಕೇಳಿಸದಿದ್ದರೆ ಪ್ರಶ್ನೆಯೂ ಏಳುವುದಿಲ್ಲ, ಸಭೆ ಬೇಗ ಮುಗಿಯುತ್ತದೆ.

ಊರಿನ ಭವನಕ್ಕೆ ದೇಣಿಗೆ ಕೊಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಿಸುವವರಲ್ಲಿ ಬೆಂಗಳೂರಿನ ನಾವೂ ಇದ್ದೇವೆ. ಮುಂದಿನ ಸಲ ಮೊದಲು ನಕ್ಷೆ ಕೇಳಿ. ಸೀಲಿಂಗಿನಲ್ಲಿ ಆ ವೃತ್ತಗಳಿಲ್ಲದಿದ್ದರೆ ರೊಕ್ಕ ಕೊಡಬೇಡಿ. ಉದ್ಘಾಟನೆಗೆ ಹೋದರೆ ಕೊನೆಯ ಸಾಲಿನಲ್ಲೇ ಕೂತುಕೊಳ್ಳಿ.