ಕಾಯುತ್ತ ಕೂರಬೇಡಿ, ಮಗುವನ್ನು ತೋರಿಸಿ

ಶಿಶುವಿಗೆ ಲಿಂಗಧಾರಣೆಯಾದ ದಿನ ಮನೆಯೆಲ್ಲ ಸಂಭ್ರಮಿಸುತ್ತದೆ. ಅದೇ ಮಗುವು ಎರಡು ವರ್ಷ ತುಂಬಿದರೂ ಮಾತನಾಡದಿದ್ದರೆ, ‘ಇದರ ಅಪ್ಪನೂ ತಡವಾಗಿಯೇ ಮಾತು ಕಲಿತ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಈ ಸಮಾಧಾನದಲ್ಲಿಯೇ ಅಮೂಲ್ಯವಾದ ಕಾಲವು ಕಳೆದುಹೋಗುತ್ತದೆ. ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಕೆಲವು ವರ್ಷಗಳಲ್ಲಿ. ತರಬೇತಿಯೂ ಆಗಲೇ ಹೆಚ್ಚು ಫಲಿಸುತ್ತದೆ.

ತಾಯಂದಿರು ಕೆಲವು ಗುರುತುಗಳನ್ನು ನೆನಪಿಡಬೇಕು. ಮಗುವು 3 ತಿಂಗಳೊಳಗೆ ಮುಖ ನೋಡಿ ನಗಬೇಕು. 9 ತಿಂಗಳಿಗೆ ಆಸರೆಯಿಲ್ಲದೆ ಕುಳಿತುಕೊಳ್ಳಬೇಕು. ವರ್ಷದೊಳಗೆ ಹೆಸರು ಕರೆದರೆ ತಿರುಗಿ ನೋಡಬೇಕು. 18 ತಿಂಗಳಿಗೆ ನಡೆಯಬೇಕು. 2 ವರ್ಷಕ್ಕೆ ‘ಅಮ್ಮ ಬಾ’ ಎಂಬಂತೆ ಎರಡು ಪದಗಳನ್ನು ಜೋಡಿಸಬೇಕು. ಕಲಿತ ಮಾತನ್ನು ಮರೆತರಂತೂ ಒಡನೆಯೇ ವೈದ್ಯರನ್ನು ಕಾಣಬೇಕು. ಮಾತು ಬಾರದ ಮಗುವಿಗೆ ಶ್ರವಣ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಕಿವಿಗೆ ಬೀಳದ ಮಾತನ್ನು ಮಗು ಕಲಿಯುವುದೆಂತು?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಆರಂಭವಾಯಿತು. ಅದರ ವೈದ್ಯರ ತಂಡಗಳು ಅಂಗನವಾಡಿಗಳಿಗೆ ಬಂದು ಉಚಿತವಾಗಿ ತಪಾಸಣೆ ಮಾಡುತ್ತವೆ. ಮಾತು ಮತ್ತು ಶ್ರವಣದ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ತಪಾಸಣೆಯೆಂದರೆ ರೋಗದ ತೀರ್ಮಾನವಲ್ಲ. ಮುಂದಿನ ಪರೀಕ್ಷೆ ಬೇಕೇ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಎಲ್ಲವೂ ಸರಿಯಿದ್ದರೆ ನಷ್ಟವೇನೂ ಇಲ್ಲ.

‘ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆಯಿಂದ ಮಗುವನ್ನು ಒಳಗಿಡುವ ಮನೆಗಳುಂಟು. ಪೂರ್ವಜನ್ಮದ ಕರ್ಮವೆಂದು ಹಣೆ ಚಚ್ಚಿಕೊಳ್ಳುವವರೂ ಉಂಟು. ದೀಕ್ಷೆಯೊಂದಿಗೆ ಪೂರ್ವಾಶ್ರಯವು ಕಳೆಯಿತೆಂದು ನಂಬಿದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಇದು ತರವಲ್ಲ. ಮಗುವಿನ ಕೈ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತುವುದೂ ಕಾಯಕವೇ. ಆ ಕಾಯಕಕ್ಕೆ ಇಂದೇ ಸುದಿನ.