ಎರೆ ಮಣ್ಣಿನ ಗುಂಡಿ ಮತ್ತು ನಮ್ಮ ಹೊಣೆ

ಮನೆಗೆ ನಳ ಬಂದ ದಿನ ತೆಂಗಿನಕಾಯಿ ಒಡೆಯುತ್ತೇವೆ. ಆ ನೀರು ಮನೆಯಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ಮಾತ್ರ ಕೇಳುವುದಿಲ್ಲ. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯ ಲೆಕ್ಕದಂತೆ ಒಬ್ಬರಿಗೆ ದಿನಕ್ಕೆ 55 ಲೀಟರು ನೀರು. ಐದು ಜನರ ಮನೆಗೆ 275 ಲೀಟರು. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಹೊಲಸಾಗಿ ಹೊರಬೀಳುತ್ತದೆಂದು ಇಂಜಿನಿಯರರು ಹಿಡಿಯುತ್ತಾರೆ. ಅಂದರೆ ದಿನಕ್ಕೆ 220 ಲೀಟರು! ಪಟ್ಟಣದ ಒಳಚರಂಡಿಯಿಲ್ಲದ ಮೊರಬದಂಥ ಊರಿನಲ್ಲಿ ಇದು ಸೇರಬೇಕಾದದ್ದು ನಮ್ಮ ಹಿತ್ತಲ ನೆಲಕ್ಕೇ.

ಆ ನೆಲವಾದರೂ ಎಂಥದು? ಎರೆ ಮಣ್ಣು ಜೋಳಕ್ಕೂ ಹತ್ತಿಗೂ ತಾಯಿ, ಸಂಡಾಸದ ಗುಂಡಿಗೆ ಮಲತಾಯಿ. ಮಳೆಗಾಲದಲ್ಲಿ ಉಬ್ಬಿ ನೀರನ್ನು ಇಂಗಗೊಡುವುದಿಲ್ಲ. ಬೇಸಿಗೆಯಲ್ಲಿ ಬಿರಿದು ಗುಂಡಿಯ ಗೋಡೆ ಸೀಳುತ್ತದೆ, ಕೊಳವೆಯ ಸಂದು ಬಿಡಿಸುತ್ತದೆ. ಕಲಘಟಗಿಯ ಕೆಮ್ಮಣ್ಣಿಗೆ ಒಪ್ಪುವ ಗುಂಡಿಯನ್ನೇ ನವಲಗುಂದದ ಎರೆಯಲ್ಲಿ ತೋಡಿದರೆ ಶ್ರಾವಣದಲ್ಲಿ ಅದು ಉಕ್ಕಿ ಓಣಿಗೆ ಬರುವುದು ಆಶ್ಚರ್ಯವಲ್ಲ. ಇದಕ್ಕೆ ಉಪಾಯ ಇಲ್ಲದಿಲ್ಲ. ಗುಂಡಿಯ ಗೋಡೆಯ ಹೊರಗೆ ಸುತ್ತಲೂ ಒಂದು ಅಡಿ ಅಗಲ ಉಸುಕು, ಸಣ್ಣ ಕಡಿ ತುಂಬಬೇಕು. ಗೌಂಡಿ ಬೇಡವೆಂದರೂ ಮನೆಯವರು ಬಿಡಬಾರದು.

ಒಂದೇ ಆಳದ ಗುಂಡಿಗಿಂತ ಎರಡು ಸಣ್ಣ ಗುಂಡಿ ಲೇಸು. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಹೊಲಸು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಬಚ್ಚಲ ನೀರನ್ನೂ ಮಳೆ ನೀರನ್ನೂ ಇದಕ್ಕೆ ಬಿಡಬಾರದು.

ಸೆಪ್ಟಿಕ್ ಟ್ಯಾಂಕು ಕಟ್ಟಿಸಿದವರು ಅದು ಎಲ್ಲವನ್ನೂ ನುಂಗಿಬಿಡುತ್ತದೆಂದು ನಂಬಿರುತ್ತಾರೆ. ಹಾಗಲ್ಲ. ಭಾರವಾದದ್ದು ತಳಕ್ಕೆ ಕೂಡುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹೊಲಸಿನ ಒಂದು ಪಾಲನ್ನಷ್ಟೇ ಕರಗಿಸುತ್ತವೆ. ಹೊರಬರುವ ನೀರು ತಿಳಿಯಾಗಿ ಕಂಡರೂ ರೋಗ ತುಂಬಿದ್ದೇ. ಅದನ್ನು ಗಟಾರಕ್ಕೆ ಬಿಡುವುದು ನೆರೆಯವನ ಮಗುವಿಗೆ ಬೇನೆ ಕೊಟ್ಟಂತೆ. ಅದು ಇಂಗುಗುಂಡಿಗೆ ಹೋಗಬೇಕು. ಆ ಗುಂಡಿ ಕುಡಿಯುವ ನೀರಿನ ಬಾವಿಯಿಂದ 60 ಅಡಿ ದೂರವಿರಬೇಕು. ತಳದ ರಾಡಿಯನ್ನು ಎರಡು-ಮೂರು ವರ್ಷಕ್ಕೊಮ್ಮೆ ತೆಗೆಸಲೇಬೇಕು. ಎಣ್ಣೆ ಹಾಕದೆ ಯಂತ್ರ ಓಡಿಸಿದರೆ ಏನಾದೀತೆಂದು ಗಿರಣಿ ಕಾಮಗಾರರಿಗೆ ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಉದ್ರಿ ವಹಿ ತೆರೆಯದ ಅಂಗಡಿಕಾರನ ಗತಿಯೂ ಗೊತ್ತಿದ್ದದ್ದೇ. ಅರಿವೆ, ಪ್ಲಾಸ್ಟಿಕ್ಕು ಒಳಗೆ ಹಾಕಬೇಡಿರಿ. ಆ್ಯಸಿಡ್, ಫಿನೈಲು ಸುರಿದರೆ ಆ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಗಾಳಿಕೊಳವೆಯ ಬಾಯಿ ಮುಚ್ಚಬೇಡಿರಿ.

ಇಷ್ಟಾಗಿಯೂ ಟ್ಯಾಂಕು ತುಂಬಿತು. ಆಗ ಇಳಿಯುವವರು ಯಾರು? ಇದೇ ನಮ್ಮ ಮುಖ್ಯ ಪ್ರಶ್ನೆ. ಒಳಗಿನ ವಿಷಗಾಳಿ ಮೊದಲು ಕೊಳೆತ ತತ್ತಿಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ಇಲ್ಲವೆಂದು ಇಳಿದವನೂ ಸಾಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿಯೇ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾಯಿದೆ ಬಂತು. 2013ರ ಕಾಯಿದೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ಅಪರಾಧವೆಂದಿತು. ಇಳಿಸಿದವರಿಗೆ ಎರಡು ವರ್ಷದವರೆಗೆ ಸೆರೆಮನೆ. ಆದರೂ 2010ರ ಜುಲೈಯಲ್ಲಿ ನಮ್ಮ ನೆರೆಯ ಸವಣೂರಿನಲ್ಲಿ ಮಲ ಬಳಿಯುತ್ತಿದ್ದ ಕುಟುಂಬಗಳವರು ಅದನ್ನೇ ಮೈಗೆ ಸುರಿದುಕೊಂಡು ನ್ಯಾಯ ಕೇಳಬೇಕಾಯಿತು. ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಹಣ ಏರಿತು, ಜೀವ ಮರಳಲಿಲ್ಲ.

ಸಂಡಾಸ ಕಟ್ಟಿಸಲು ಸ್ವಚ್ಛ ಭಾರತ ಯೋಜನೆಯಲ್ಲಿ ಸರಕಾರ 12,000 ರೂಪಾಯಿ ಕೊಟ್ಟಿತು, ಒಳ್ಳೆಯದೇ. ಆದರೆ ತುಂಬಿದ ಮೇಲಿನ ಮಾತು? ಯಂತ್ರದ ಗಾಡಿ ಬಂದು ಹೀರಿಕೊಂಡು ಹೋಗಿ ಬೆಣ್ಣಿಹಳ್ಳದ ದಂಡೆಗೆ ಸುರಿದರೆ ಹೊಲಸು ಜಾಗ ಬದಲಿಸಿತೇ ಹೊರತು ಹೋಗಲಿಲ್ಲ. 2015ರಲ್ಲಿ ದೇವನಹಳ್ಳಿಯಲ್ಲಿ ಇಂಥ ರಾಡಿಯನ್ನು ಶುದ್ಧಮಾಡಿ ಗೊಬ್ಬರವಾಗಿಸುವ ಘಟಕ ನಡೆಯತೊಡಗಿತು. ದೇವನಹಳ್ಳಿಗೆ ಸಾಧ್ಯವಾದುದು ನವಲಗುಂದಕ್ಕೆ ಏಕೆ ಸಾಧ್ಯವಾಗದು?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ನಾಲ್ಕಾರು ಪಂಚಾಯತಿಗಳು ಕೂಡಿ ಹೀರುಗಾಡಿ ಇಟ್ಟುಕೊಳ್ಳಲಿ. ಬಡವರಿಗೆ ನಿಲುಕುವ ದರ ಕಟ್ಟಲಿ. ತಾಲೂಕಿಗೊಂದು ಶುದ್ಧೀಕರಣ ಘಟಕವಾಗಲಿ. ಗ್ರಾಮಸಭೆಯಲ್ಲಿ ಈ ಮಾತೆತ್ತಲು ನಾಚಬೇಡಿರಿ. ಅಲ್ಲಿಯವರೆಗೆ ಪ್ರತಿಯೊಬ್ಬ ಮನೆಯೊಡೆಯನೂ ಒಂದು ನಿಶ್ಚಯ ಮಾಡಲಿ: ಎಷ್ಟೇ ತುರ್ತಿರಲಿ, ಎಷ್ಟೇ ಅಗ್ಗವಾಗಲಿ, ನಮ್ಮ ಗುಂಡಿಗೆ ಒಬ್ಬ ಮನುಷ್ಯನನ್ನು ನಾವು ಇಳಿಸೆವು.